ಸಾರ್ವಕಾಲಿಕ ಹತ್ತು ಮತ್ತು ನಮ್ಮ ನಾಲಿಗೆ



'ಸಾರ್ವಕಾಲಿಕ ಶ್ರೇಷ್ಠ ಹತ್ತು ಚಲನಚಿತ್ರಗಳು' ಅಂತ ಒಂದು ಪಟ್ಟಿ ಈ ದೇಶದಲ್ಲಿ ಮತ್ತೆ ಮತ್ತೆ ಹುಟ್ಟುತ್ತದೆ. ಪತ್ರಿಕೆಯವರು ಹಾಕುತ್ತಾರೆ, ವಿಮರ್ಶಕರು ಹಾಕುತ್ತಾರೆ, ಕಾಲೇಜಿನ ಮೇಷ್ಟ್ರುಗಳು ಹಾಕುತ್ತಾರೆ. ಈಗಂತೂ ಹಾಸ್ಟೆಲಿನ ನಮ್ಮ ಹುಡುಗರೂ ರಾತ್ರಿ ಚಾಪೆ ಮೇಲೆ ಕೂತು 'ನಿನ್ನ ಹತ್ತು ಯಾವುದೋ, ನನ್ನ ಹತ್ತು ಇದು' ಅಂತ ಹಂಚಿಕೊಳ್ಳುತ್ತಾರೆ. ಇಷ್ಟವಾದ ಸಿನಿಮಾ ಹೇಳಿಕೊಳ್ಳುವುದರಲ್ಲಿ ತಪ್ಪೇನಿದೆ? ಏನೂ ಇಲ್ಲ. ಉಂಡವನು ಊಟದ ರುಚಿ ಹೇಳಲಿ. ನಾವು ಕೇಳುವುದು ಬೇರೆ ಪ್ರಶ್ನೆ. ಈ 'ಸರ್ವ' ಯಾರು ಸ್ವಾಮಿ? ಈ 'ಕಾಲ' ಯಾರದು? ಪಂಕ್ತಿಯಲ್ಲಿ ಕೂತು ಉಂಡವರು ರುಚಿ ಹೇಳುತ್ತಿದ್ದಾರೆ. ಎಲೆ ಎತ್ತಿದವರನ್ನು ಯಾರೂ ಕೇಳಿಲ್ಲ.

ಶ್ರೇಷ್ಠ ಚಿತ್ರಗಳ ಪಟ್ಟಿಗೂ ಮುಂಚೆ ಇನ್ನೊಂದು ಪಟ್ಟಿ ಇರುತ್ತದೆ. ಅದು ಮತದಾರರ ಪಟ್ಟಿ. ಇದು ನಮ್ಮ ಕಲ್ಪನೆ ಅಂದುಕೊಳ್ಳಬೇಡಿ, ಲೆಕ್ಕ ನೋಡಿ. ಇಂಗ್ಲೆಂಡಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ತೆಗೆದುಕೊಂಡು ಲೋಕದ ಶ್ರೇಷ್ಠ ಚಿತ್ರ ಯಾವುದು ಅಂತ ಸಾರುತ್ತದೆ. 1952ರಲ್ಲಿ 'ಬೈಸಿಕಲ್ ಥೀವ್ಸ್' ಮೊದಲು ಬಂತು. 1962ರಿಂದ 2002ರವರೆಗೆ ಐದು ಸಲವೂ 'ಸಿಟಿಜನ್ ಕೇನ್'. 2012ರಲ್ಲಿ 'ವರ್ಟಿಗೋ'. 2022ರಲ್ಲಿ ಏನಾಯಿತು? ಬೆಲ್ಜಿಯಂನ ಶಾಂತಾಲ್ ಅಕೆರ್ಮನ್ ಎಂಬ ಹೆಣ್ಣುಮಗಳು 1975ರಲ್ಲಿ ತೆಗೆದ 'ಜೀನ್ ದೀಲ್ಮನ್' ಮೊದಲ ಜಾಗಕ್ಕೆ ಬಂದು ಕೂತಿತು. ಒಬ್ಬ ವಿಧವೆ ಆಲೂಗಡ್ಡೆ ಸುಲಿಯುವುದು, ಪಾತ್ರೆ ತೊಳೆಯುವುದು, ಹೊಟ್ಟೆಪಾಡಿಗೆ ಮೈ ಮಾರಿಕೊಳ್ಳುವುದು, ಇದನ್ನೇ ಮೂರು ತಾಸಿಗೂ ಮೀರಿ ತೋರಿಸುವ ಚಿತ್ರ ಅದು. 2012ರಲ್ಲಿ ಅದು ಮೊದಲ ಮೂವತ್ತರಲ್ಲೂ ಇರಲಿಲ್ಲ. ಹತ್ತು ವರ್ಷದಲ್ಲಿ ಚಿತ್ರ ಬದಲಾಯಿತೇ? ಅದೇ ಅಡುಗೆಮನೆ, ಅದೇ ಆಲೂಗಡ್ಡೆ. ಬದಲಾದದ್ದು ಮತ ಹಾಕಿದವರು. 2012ರಲ್ಲಿ ಎಂಟುನೂರರ ಆಸುಪಾಸು ಇದ್ದ ಮತದಾರರು 2022ಕ್ಕೆ 1600 ದಾಟಿದ್ದರು. ಹೊಸಬರು ಒಳಗೆ ಬಂದರು, 'ಸಾರ್ವಕಾಲಿಕ' ಅನ್ನುವುದು ಒಂದೇ ಏಟಿಗೆ ಪಲ್ಟಿ ಹೊಡೆಯಿತು. ಹತ್ತು ವರ್ಷಕ್ಕೆ ಪಲ್ಟಿ ಹೊಡೆಯುವುದಕ್ಕೆ ಸಾರ್ವಕಾಲಿಕ ಅಂತ ಹೆಸರು!

ಈಗ ನಮ್ಮ ದೇಶಕ್ಕೆ ಬನ್ನಿ. ಅಂತರರಾಷ್ಟ್ರೀಯ ಚಿತ್ರವಿಮರ್ಶಕರ ಒಕ್ಕೂಟದ ಭಾರತ ಶಾಖೆ 2022ರಲ್ಲಿ ಹೀಗೇ ಒಂದು ಹತ್ತು ಆರಿಸಿತು. 'ಪಥೇರ್ ಪಾಂಚಾಲಿ', 'ಮೇಘೇ ಢಾಕಾ ತಾರಾ', 'ಭುವನ್ ಶೋಮ್', 'ಎಲಿಪ್ಪತ್ತಾಯಂ', 'ಘಟಶ್ರಾದ್ಧ', 'ಗರಂ ಹವಾ', 'ಚಾರುಲತಾ', 'ಅಂಕುರ್', 'ಪ್ಯಾಸಾ', 'ಶೋಲೆ'. ಗಿರೀಶ ಕಾಸರವಳ್ಳಿ ಐದನೆಯವರು, ಮೈಸೂರಿನ ಎಂ.ಎಸ್. ಸತ್ಯು ಆರನೆಯವರು. ಕನ್ನಡಿಗರು ಎದೆಯುಬ್ಬಿಸಿದರು. ಉಬ್ಬಿಸಲಿ. 'ಘಟಶ್ರಾದ್ಧ'ದ ಯಮುನೆಯ ಬೋಳಿಸಿದ ತಲೆ ಕಂಡು ನಮ್ಮ ಹೊಟ್ಟೆಯೂ ಉರಿದಿದೆ. ತನ್ನ ಹೆಣ್ಣುಮಕ್ಕಳನ್ನೇ ಬಿಡದ ಅಗ್ರಹಾರ ನಮ್ಮನ್ನು ಬಿಟ್ಟೀತೆ ಅಂತ ಅವತ್ತೇ ಅರ್ಥವಾಗಿದೆ. ಆದರೂ ಎಣಿಸಿ ನೋಡಿ. ಹತ್ತು ಚಿತ್ರ, ಒಂಬತ್ತು ನಿರ್ದೇಶಕರು. ಹೆಣ್ಣು ಒಬ್ಬಳಿಲ್ಲ. ದಲಿತ ಒಬ್ಬನಿಲ್ಲ.

'ಅಯ್ಯೋ, ಅದೊಂದು ಪಟ್ಟಿ ತಾನೇ, ಬಿಡ್ರಪ್ಪ' ಅನ್ನುವವರಿದ್ದಾರೆ. ಬಿಡೋಕಾಗಲ್ಲ ಸ್ವಾಮಿ. ಪಟ್ಟಿಯಲ್ಲಿದ್ದದ್ದು ಪಾಠವಾಗುತ್ತದೆ, ಫಿಲಂ ಸೊಸೈಟಿಯ ಪರದೆ ಮೇಲೆ ಬರುತ್ತದೆ, ನಾಳೆ ಕ್ಯಾಮೆರಾ ಹಿಡಿಯುವ ಹುಡುಗ ಅದನ್ನೇ ನೋಡಿ ಕಲಿಯುತ್ತಾನೆ. ಬಣ್ಣಗೆಟ್ಟ ರೀಲು ತೊಳೆದು ಹೊಸದು ಮಾಡಲು ಲೋಕದ ದುಡ್ಡು ಹರಿಯುವುದೂ ಹೆಸರು ಮಾಡಿದ ಚಿತ್ರಕ್ಕೇ. 'ಘಟಶ್ರಾದ್ಧ' ಹಾಗೆ ಹೊಸದಾಗಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿತು. ನಮಗೆ ಸಂತೋಷವೇ. ಆದರೆ ಕನ್ನಡದ ಮೊದಲ ಮಾತಿನ ಚಿತ್ರ, 1934ರ 'ಸತಿ ಸುಲೋಚನಾ'ದ ರೀಲೇ ಉಳಿದಿಲ್ಲ. ಯಾರೂ ಕಾಯದೆ ಇದ್ದದ್ದು ಮಣ್ಣಾಗುತ್ತದೆ. ಯಾವ ನೆನಪು ಉಳಿಯಬೇಕು, ಯಾವುದು ಮಣ್ಣಾಗಬೇಕು ಎಂಬ ತೀರ್ಮಾನದಲ್ಲಿ ಈ ಪಟ್ಟಿಗಳ ಕೈಯೂ ಇದೆ. ಅದಕ್ಕೇ ನಮಗೆ ಜಗಳ.

ಶ್ರೇಷ್ಠ ಅನ್ನಿಸಿಕೊಂಡ ಚಿತ್ರಗಳಲ್ಲಿ ನಾವು ಇಲ್ಲವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಇದ್ದೇವೆ. ಹೇಗಿದ್ದೇವೆ ಅನ್ನುವುದೇ ಮಾತು.

1936ರ 'ಅಛೂತ್ ಕನ್ಯಾ', ಬಾಂಬೆ ಟಾಕೀಸಿನದು. ದೇವಿಕಾರಾಣಿ ಅಸ್ಪೃಶ್ಯರ ಹುಡುಗಿ, ಅಶೋಕ್ ಕುಮಾರ್ ಬ್ರಾಹ್ಮಣರ ಹುಡುಗ. ಕೊನೆಗೆ ರೈಲು ನಿಲ್ಲಿಸಲು ಓಡಿಹೋಗಿ ಸಾಯುವವಳು ನಮ್ಮ ಹುಡುಗಿ. 1959ರ 'ಸುಜಾತಾ', ಬಿಮಲ್ ರಾಯ್ ಅವರದು. ಬ್ರಾಹ್ಮಣರ ಮನೆಯಲ್ಲಿ ಬೆಳೆದ ನಮ್ಮ ಅನಾಥ ಹುಡುಗಿಯನ್ನು ಆ ಮನೆಯ ತಾಯಿ ಮಗಳು ಅಂತ ಒಪ್ಪುವುದು ಯಾವಾಗ? ಈ ಹುಡುಗಿ ರಕ್ತ ಕೊಟ್ಟು ಆಕೆಯ ಜೀವ ಉಳಿಸಿದ ಮೇಲೆ. 1974ರ 'ಅಂಕುರ್', ಶ್ಯಾಮ್ ಬೆನಗಲ್ ಅವರದು. ಜಮೀನ್ದಾರನ ಮಗ ಕೆಳಜಾತಿಯ ಲಕ್ಷ್ಮಿಯನ್ನು ಬಸಿರು ಮಾಡುತ್ತಾನೆ. ಗಂಡ ಕಿಷ್ಟಯ್ಯ ಕಿವುಡ, ಮೂಕ. 1980ರ 'ಆಕ್ರೋಶ್', ಗೋವಿಂದ ನಿಹಲಾನಿ ಅವರದು. ಹೆಂಡತಿಯ ಕೊಲೆಯ ಆರೋಪ ಹೊತ್ತ ಆದಿವಾಸಿ ಲಹಾನ್ಯಾ ಭೀಕು ಚಿತ್ರದುದ್ದಕ್ಕೂ ತುಟಿ ಬಿಚ್ಚುವುದಿಲ್ಲ. ಅವನ ಪರವಾಗಿ ವಕೀಲ ಕುಲಕರ್ಣಿ ಮಾತಾಡಬೇಕು. ಕೊನೆಗೆ ಬಾಯಿ ತೆರೆದಾಗ ಬರುವುದು ಕಿರುಚಾಟ. 1981ರ 'ಸದ್ಗತಿ', ಪ್ರೇಮಚಂದರ ಕಥೆ, ಸತ್ಯಜಿತ್ ರಾಯ್ ದೂರದರ್ಶನಕ್ಕೆ ಮಾಡಿದ್ದು. ಪುರೋಹಿತನ ಮನೆಯ ಕೊರಡು ಸೀಳುತ್ತ ಸೀಳುತ್ತ ದುಖಿ ಸಾಯುತ್ತಾನೆ. ಹೆಣ ಮುಟ್ಟಬಾರದಲ್ಲ, ಪುರೋಹಿತ ಕಾಲಿಗೆ ಹಗ್ಗ ಹಾಕಿ ಎಳೆದು ಆಚೆ ಬಿಸಾಕುತ್ತಾನೆ.

ಕೂಡಿಸಿ ನೋಡಿ. ಸಾಯಬೇಕು. ರಕ್ತ ಕೊಡಬೇಕು. ಇಲ್ಲವೇ ಮೂಕರಾಗಿರಬೇಕು. ಇವಿಷ್ಟರಲ್ಲಿ ಒಂದನ್ನು ಮಾಡಿದರೆ ಕಲೆಯ ಪಡಸಾಲೆಯಲ್ಲಿ ನಮಗೂ ಒಂದು ಮೂಲೆ.

ನಮ್ಮ ಕನ್ನಡದ 'ಚೋಮನ ದುಡಿ'ಯ ಮಾತಂತೂ ಆಡಲೇಬೇಕು. ಶಿವರಾಮ ಕಾರಂತರು 1933ರಲ್ಲಿ ಬರೆದ ಕಾದಂಬರಿ. ಆ ಕಾಲಕ್ಕೆ ಹೊಲೆಯನೊಬ್ಬ ಭೂಮಿ ಉಳುವ ಆಸೆ ಇಟ್ಟುಕೊಳ್ಳಬಹುದು ಅಂತ ಬರೆದದ್ದೇ ಎದೆಗಾರಿಕೆ. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಚಿತ್ರ ಮಾಡಿದರು. ದೇಶದ ಶ್ರೇಷ್ಠ ಚಿತ್ರ ಅಂತ ಸ್ವರ್ಣಕಮಲ ಬಂತು, ಚೋಮನಾದ ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಅವರು ಮೈಯೆಲ್ಲ ಚೋಮನಾಗಿ ನಟಿಸಿದ್ದಾರೆ, ಅದನ್ನು ಅಲ್ಲಗಳೆಯುವ ಕೃತಘ್ನರು ನಾವಲ್ಲ. ಆದರೆ ಚೋಮನ ಸಿಟ್ಟು ಎಲ್ಲಿ ಹೋಯಿತು? ಧಣಿಯ ಅಂಗಳಕ್ಕೆ ಹೋಗಲಿಲ್ಲ, ತಾಲ್ಲೂಕು ಕಚೇರಿಗೆ ಹೋಗಲಿಲ್ಲ. ದುಡಿಯ ಚರ್ಮಕ್ಕೆ ಹೋಯಿತು. ಬಡಿದು ಬಡಿದು ಸತ್ತ. ನೋಡಿದವರು ಕಣ್ಣೊರೆಸಿಕೊಂಡು ಮನೆಗೆ ಹೋದರು.

ಇದೇ ಹೊತ್ತಿಗೆ ಕೇರಿಯಲ್ಲಿ ಏನು ನಡೀತಿತ್ತು? 1972ರಲ್ಲಿ ಬೊಂಬಾಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತ್ತು. 1973ರಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದರು; ಬೀದಿ ಹೊತ್ತಿ ಉರಿಯಿತು, ಅವರ ಮಂತ್ರಿಗಿರಿ ಹೋಯಿತು, ನಮ್ಮ ಹುಡುಗರಿಗೆ ಮಾತು ಬಂತು. 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂತು. ಉಳುವವನೇ ಒಡೆಯ ಅಂದರು. ಗೇಣಿದಾರರು ಅರ್ಜಿ ಹಿಡಿದು ಸಾಲು ನಿಂತರು. ಚೋಮ ಗೇಣಿದಾರನೂ ಅಲ್ಲ, ಜೀತದಾಳು. ಆ ಅರ್ಜಿ ಹಾಕುವುದಕ್ಕೂ ಅವನ ಕೈಲಿ ಏನೂ ಇರಲಿಲ್ಲ. ಆ ಪ್ರಶ್ನೆಯನ್ನೇ ಹೊತ್ತುಕೊಂಡು ದಲಿತ ಸಂಘರ್ಷ ಸಮಿತಿ ಹಳ್ಳಿ ಹಳ್ಳಿ ತಿರುಗಿತು. 1975ರಲ್ಲೇ, 'ಚೋಮನ ದುಡಿ' ಚಿತ್ರವಾದ ಅದೇ ವರ್ಷ, ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಅಚ್ಚಾಯಿತು.

ಇದನ್ನು ಗಮನಿಸಿ ಗೆಳೆಯರೇ. ಕೇರಿಗೆ ಕೇರಿಯೇ ಗಂಟಲು ತೆರೆದು ಎದ್ದು ನಿಂತ ಗಳಿಗೆಯಲ್ಲಿ ಪರದೆಯ ಮೇಲೆ ನಾವು ಮೂಕರು. ನಿರ್ದೇಶಕರು ಕೂತು ಸಂಚು ಮಾಡಿದರು ಅಂತ ನಾವು ಹೇಳುತ್ತಿಲ್ಲ. ಅವರಲ್ಲಿ ಬಹುಮಂದಿ ಒಳ್ಳೆಯ ಮನಸ್ಸಿನವರೇ. ಆದರೆ ಅವರ ಕ್ಯಾಮೆರಾ ಜಗುಲಿ ಮೇಲಿತ್ತು. ಜಗುಲಿಯಿಂದ ನೋಡಿದರೆ ಅಂಗಳದಲ್ಲಿ ಕೈಕಟ್ಟಿ ನಿಂತವನು ಕಾಣುತ್ತಾನೆ; ಹಿಂದಿನ ಕೇರಿಯಲ್ಲಿ ಸಭೆ ಸೇರಿದವರು ಕಾಣುವುದಿಲ್ಲ. ಮತ ಹಾಕುವವರು ಕೂತದ್ದೂ ಅದೇ ಜಗುಲಿ ಮೇಲೆ. ಮಾತಾಡುವ ದಲಿತ ಅವರಿಗೆ ಜಗಳಗಂಟ. ಸಾಯುವ ದಲಿತ ಕಲೆ. ನಮ್ಮ ಮೌನಕ್ಕೆ ಬಿದ್ದ ಮತಗಳಿಗೆ ಸಾರ್ವಕಾಲಿಕ ಅಂತ ಹೆಸರು.

'ಕಲೆಗೆ ಜಾತಿ ಇಲ್ಲ' ಅಂತಾರೆ. ಈ ಮಾತನ್ನು ಪಿ.ಕೆ. ರೋಸಿಯ ಮುಂದೆ ನಿಂತು ಹೇಳಿ ನೋಡೋಣ. ಮಲಯಾಳದ ಮೊದಲ ಚಿತ್ರ 'ವಿಗತಕುಮಾರನ್'. ಸುಮಾರು ಒಂದು ಶತಮಾನದ ಹಿಂದೆ ಜೆ.ಸಿ. ಡ್ಯಾನಿಯಲ್ ತೆಗೆದದ್ದು. ಅದರ ನಾಯಕಿ ರೋಸಿ, ದಲಿತ ಹೆಣ್ಣುಮಗಳು. ನಾಯರ್ ಹೆಂಗಸಿನ ಪಾತ್ರ ಮಾಡಿದಳು. ತಿರುವನಂತಪುರದಲ್ಲಿ ಚಿತ್ರ ತೋರಿಸಿದ ದಿನ ಮೇಲುಜಾತಿಯವರು ರಂಪ ಮಾಡಿದರು. ತನ್ನದೇ ಚಿತ್ರ ನೋಡಲು ಅವಳಿಗೆ ಜಾಗ ಸಿಗಲಿಲ್ಲ. ಪರದೆಗೆ ಕಲ್ಲು ಬಿತ್ತು, ಅವಳ ಗುಡಿಸಲಿಗೆ ಬೆಂಕಿ ಬಿತ್ತು. ಲಾರಿ ಹತ್ತಿ ತಮಿಳುನಾಡಿನ ಕಡೆ ತಪ್ಪಿಸಿಕೊಂಡು ಹೋದಳು, ಹೆಸರು ಮರೆಸಿಕೊಂಡು ಬಾಳಿದಳು ಅಂತಾರೆ. ಆ ಚಿತ್ರದ ರೀಲೂ ಇಲ್ಲ. 2023ರ ಫೆಬ್ರವರಿ 10ರಂದು ಗೂಗಲ್‌ನವರು ಅವಳ ಚಿತ್ರ ಬರೆದು ನೆನೆದರು. ಇರಲಿ. ಅವಳು ಮಾಡಿದ ಅಪರಾಧ ಏನು? ತನಗಿಂತ ಮೇಲಿನವಳಾಗಿ ನಟಿಸಿದ್ದು. ಮೇಲಿನವರು ಚೋಮನಾದರೆ ಕಮಲ, ನಮ್ಮವಳು ನಾಯರ್ ಆದರೆ ಕಲ್ಲು. ಕಲೆಗೆ ಜಾತಿ ಇಲ್ಲವಂತೆ!

ಇನ್ನೊಂದು ಮಾತು ಕೇಳಿಬರುತ್ತದೆ. 'ಬೇಡ ಅಂದವರು ಯಾರು? ನೀವೇ ಮಾಡಿ, ಆಗ ನಿಮ್ಮದೂ ಪಟ್ಟಿಗೆ ಬರುತ್ತೆ' ಅಂತ. ಹಾಡು ಕಟ್ಟಲು ನಮಗೆ ಬೇಕಾದದ್ದು ಒಂದು ತಮಟೆ, ಒಂದು ಗಂಟಲು. ಅದಕ್ಕೇ ಹಾಡು ಬಂತು, ಕವಿತೆ ಬಂತು, ದೇವನೂರರ 'ಕುಸುಮಬಾಲೆ' ಬಂತು. ಸಿನಿಮಾಕ್ಕೆ ಬೇಕಾದದ್ದು ಬಂಡವಾಳ. ಭೂಮಿ ಇಲ್ಲದವನಿಗೆ ಬಂಡವಾಳ ಎಲ್ಲಿಂದ ಬರ್ತದೆ? ಕೇರಳದ ಸರ್ಕಾರ ಇದನ್ನು ಅರಿತು ಪರಿಶಿಷ್ಟ ಜಾತಿ, ಪಂಗಡದ ನಿರ್ದೇಶಕರಿಗೆ ಚಿತ್ರ ಮಾಡಲು 1.5 ಕೋಟಿ ರೂಪಾಯಿವರೆಗೆ ಕೊಡುವ ಯೋಜನೆ ಮಾಡಿತು. 2025ರ ಆಗಸ್ಟಿನಲ್ಲಿ ತಿರುವನಂತಪುರದ ಚಲನಚಿತ್ರ ನೀತಿ ಸಮಾವೇಶದಲ್ಲಿ ಅಡೂರು ಗೋಪಾಲಕೃಷ್ಣನ್ ಎದ್ದು ಏನಂದರು? ಇವರಿಗೆ ಮೊದಲು ಮೂರು ತಿಂಗಳು ತರಬೇತಿ ಕೊಡಿ, ಹಣ ಕಡಿಮೆ ಮಾಡಿ ಮೂವರಿಗೆ ಹಂಚಿ, ಇಲ್ಲದಿದ್ದರೆ ಭ್ರಷ್ಟಾಚಾರಕ್ಕೆ ದಾರಿ ಅಂದರು. ಸಭೆಯಲ್ಲೇ ಪ್ರತಿಭಟನೆ ಆಯಿತು. ತಮ್ಮ ಮಾತು ಅವರ ಒಳ್ಳೆಯದಕ್ಕೇ ಎಂದು ಅಡೂರು ಸಮರ್ಥಿಸಿಕೊಂಡರು. ಪಟ್ಟಿಯ ನಾಲ್ಕನೆಯ ಚಿತ್ರ 'ಎಲಿಪ್ಪತ್ತಾಯಂ' ಇವರದೇ. ಕೊಳೆಯುತ್ತಿರುವ ನಾಯರ್ ಮನೆತನದ ಯಜಮಾನನೊಬ್ಬ ಇಲಿಯ ಬೋನಿನಲ್ಲಿ ಸಿಕ್ಕಂತೆ ಒದ್ದಾಡುವ ಚಿತ್ರ. ಆ ಬೋನನ್ನು ಅಷ್ಟು ಚೆನ್ನಾಗಿ ಕಂಡ ಕಣ್ಣಿಗೆ ಈ ಬೋನು ಕಾಣದೇ ಹೋಯಿತೇ?

ತರಬೇತಿಯ ಮಾತು ಬಂದದ್ದರಿಂದ ಪಟ್ಟಿಯ ತಲೆಮೇಲಿರುವ 'ಪಥೇರ್ ಪಾಂಚಾಲಿ'ಯ ಕಥೆ ಕೇಳಿ. 1955ರಲ್ಲಿ ತೆರೆಗೆ ಬಂದದ್ದು. ಸತ್ಯಜಿತ್ ರಾಯ್ ಅದಕ್ಕೆ ಮುಂಚೆ ಒಂದು ಚಿತ್ರವನ್ನೂ ನಿರ್ದೇಶಿಸಿರಲಿಲ್ಲ. ಕ್ಯಾಮೆರಾಮನ್ ಸುಬ್ರತ ಮಿತ್ರಗೆ 21 ವರ್ಷ. ಅಲ್ಲಿಯವರೆಗೆ ಸಿನಿಮಾ ಕ್ಯಾಮೆರಾ ನಡೆಸಿದವನೇ ಅಲ್ಲ. ದುಡ್ಡು ಮುಗಿಯಿತು, ಚಿತ್ರ ನಿಂತಿತು. ಆಗ ಕೈಹಿಡಿದದ್ದು ಪಶ್ಚಿಮ ಬಂಗಾಳದ ಸರ್ಕಾರ. ಹೆಸರಿನಲ್ಲಿ ಪಥ ಇತ್ತಲ್ಲ, ಆ ಹಣ ರಸ್ತೆ ಸುಧಾರಣೆಯ ಲೆಕ್ಕದಲ್ಲಿ ಬಂತು! ಆಗ ಯಾರೂ ಮೂರು ತಿಂಗಳ ತರಬೇತಿ ಕೇಳಲಿಲ್ಲ. ಕೊಟ್ಟದ್ದು ಸರಿಯೇ ಆಯಿತು, ಲೋಕಕ್ಕೆ ಒಂದು ದೊಡ್ಡ ಚಿತ್ರ ಸಿಕ್ಕಿತು. ಒಬ್ಬರಿಗೆ ರಸ್ತೆಯ ದುಡ್ಡು, ಇನ್ನೊಬ್ಬರಿಗೆ ಉಪದೇಶ. ಇದು ಯಾವ ನ್ಯಾಯ?

ಇಷ್ಟೆಲ್ಲ ಅಡ್ಡಗಾಲಿನ ನಡುವೆಯೂ ಕ್ಯಾಮೆರಾ ಜಗುಲಿ ಇಳಿದಿದೆ. ಅದನ್ನು ನೋಡಲು ಮೂರು ಕಲ್ಲಿನ ಲೆಕ್ಕ ಸಾಕು. 1974ರ 'ಅಂಕುರ್' ಕೊನೆಯಲ್ಲಿ ಒಬ್ಬ ಪುಟ್ಟ ಹುಡುಗ ಜಮೀನ್ದಾರನ ಮನೆಯ ಕಿಟಕಿಗೆ ಕಲ್ಲೆಸೆಯುತ್ತಾನೆ. ಗಾಜು ಒಡೆಯಿತು. ನೋಡುವವರಿಗೆ ಏನೂ ಆಗಲಿಲ್ಲ, ಧಣಿಗಲ್ಲವೇ ಬಿದ್ದದ್ದು! 2013ರಲ್ಲಿ ಮರಾಠಿಯ ನಾಗರಾಜ ಮಂಜುಳೆ 'ಫಂಡ್ರಿ' ಮಾಡಿದರು. ಹಂದಿ ಹಿಡಿಯುವವರ ಮಗ ಜಬ್ಯಾ. ಊರೆಲ್ಲ ನಿಂತು ನಗುತ್ತಿದೆ. ಹಂದಿ ಕೈಗೆ ಸಿಗುವ ಹೊತ್ತಿಗೆ ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗುತ್ತದೆ, ಅಪ್ಪ, ಮಗ ನೆಟ್ಟಗೆ ನಿಲ್ಲುತ್ತಾರೆ, ಹಂದಿ ಓಡಿಹೋಗುತ್ತದೆ. ಕೊನೆಗೆ ಜಬ್ಯಾ ಎಸೆದ ಕಲ್ಲು ಪರದೆ ತುಂಬಿಕೊಂಡು ಬಂದು ನೋಡುವವರ ಹಣೆಗೇ ಬೀಳುತ್ತದೆ. 2021ರಲ್ಲಿ ತಮಿಳಿನ ಮಾರಿ ಸೆಲ್ವರಾಜ್ 'ಕರ್ಣನ್' ಮಾಡಿದರು. 1995ರ ಕೊಡಿಯಂಕುಳಂ ಪೊಲೀಸ್ ದೌರ್ಜನ್ಯದ ನೆನಪು ಅದರ ಬೆನ್ನಿಗಿದೆ. ಬಸ್ಸು ನಿಲ್ಲದ ಊರು. ಹುಡುಗಿಯೊಬ್ಬಳು ರಸ್ತೆ ನಡುವೆ ಮೂರ್ಛೆ ಬಂದು ಸಾಯುತ್ತಾಳೆ, ಬಸ್ಸುಗಳು ಪಕ್ಕದಲ್ಲೇ ಹಾದುಹೋಗುತ್ತವೆ. ಚೋಮನ ಮಗ ಹೊಳೆಯಲ್ಲಿ ಮುಳುಗುವಾಗಲೂ ದಡದಲ್ಲಿದ್ದವರು ಮುಟ್ಟಿದರೆ ಮೈಲಿಗೆ ಅಂತ ನಿಂತು ನೋಡಿದ್ದರು. ಅಲ್ಲಿಗೆ ದುಡಿ ಬಡಿತ. ಇಲ್ಲಿ ಒಬ್ಬ ಹುಡುಗನ ಕಲ್ಲು ಬಸ್ಸಿನ ಗಾಜಿಗೆ ಬೀಳುತ್ತದೆ, ಹಿಂದೆಯೇ ಊರು ಏಳುತ್ತದೆ.

ಸಾವೇ ತೋರಿಸಬೇಡಿ ಅಂತ ನಾವು ಹೇಳುತ್ತಿಲ್ಲ. ಮಂಜುಳೆಯವರ 2016ರ 'ಸೈರಾಟ್'ನಲ್ಲೂ ಪ್ರೀತಿಸಿದವರು ಸಾಯುತ್ತಾರೆ. ಆದರೆ ಅಲ್ಲಿ ಕೊಂದವರ ಮುಖ ಕಾಣುತ್ತದೆ: ತವರಿನ ಉಡುಗೊರೆ ಹಿಡಿದು ಬಂದ ಒಡಹುಟ್ಟಿದವನು. ಹಳೆಯ ಚಿತ್ರಗಳಲ್ಲಿ ನಮ್ಮನ್ನು ಕೊಂದದ್ದು ರೈಲು, ಹೊಳೆ, ವಿಧಿ. ರೈಲಿನ ಮೇಲೆ ಯಾರು ಕೇಸು ಹಾಕ್ತಾರೆ? ಮಾರಿ ಸೆಲ್ವರಾಜರ 'ಪರಿಯೇರುಂ ಪೆರುಮಾಳ್' (2018) ಕೊನೆಯಲ್ಲಿ ಸಾವೂ ಇಲ್ಲ. ಮೇಜಿನ ಮೇಲೆ ಎರಡು ಲೋಟ ಚಹಾ, ಒಂದು ಹಾಲಿನದು, ಒಂದು ಕರಿದು, ನಡುವೆ ಒಂದು ಹೂ. ನಮ್ಮ ಹಳ್ಳಿ ಹೋಟೆಲುಗಳ ಎರಡು ಲೋಟದ ಕಥೆ ಗೊತ್ತಿದ್ದವನಿಗೆ ಆ ಚಿತ್ರವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕೇರಿಯ ಹುಡುಗರಿಗೂ ಒಂದು ಮಾತು. ಟೂರಿಂಗ್ ಟಾಕೀಸಿನ ಕಾಲದಲ್ಲಿ ನಮ್ಮ ಅವ್ವಂದಿರು, ಅಪ್ಪಂದಿರು ನೆಲದ ಟಿಕೇಟು ತೆಗೆದು ಮರಳ ಮೇಲೆ ಕೂತು ನೋಡಿದರು. 1954ರ 'ಬೇಡರ ಕಣ್ಣಪ್ಪ' ನೋಡಿ ಕೈಮುಗಿದರು. ಬೇಡನೊಬ್ಬ ದೇವರಿಗೆ ಕಣ್ಣು ಕೊಟ್ಟ, ಪೂಜಾರಿ ಸೋತ ಅಂತ ಹಿಗ್ಗಿದರು. ಅವರ ಹಿಗ್ಗು ನಿಜ. ಆದರೆ ಕಥೆ ಏನನ್ನುತ್ತದೆ? ಆ ಬೇಡ ಮೂಲದಲ್ಲಿ ದೇವಲೋಕದವನು, ಶಾಪದಿಂದ ಭೂಮಿಗೆ ಬಿದ್ದವನು. ಬರೀ ಬೇಡನಾಗಿ ಹುಟ್ಟಿದವನು ನಾಯಕ ಆಗೋಕೆ ಆಗ್ತಿರಲಿಲ್ಲ ನೋಡಿ! ಇವತ್ತು ನೀವು ಕಟೌಟಿಗೆ ಹಾಲು ಸುರಿಯುತ್ತೀರಿ. ಮನೆಯಲ್ಲಿ ಮಗುವಿಗೆ ಹಾಲಿದೆಯೋ ಇಲ್ಲವೋ. ನಾಯಕನನ್ನು ಪ್ರೀತಿಸಿ, ಬೇಡ ಅನ್ನಲ್ಲ. ಆದರೆ ಅವನ ಚಿತ್ರದಲ್ಲಿ ನಿಮ್ಮ ಅಪ್ಪ ಎಲ್ಲಿದ್ದಾನೆ, ನಿಮ್ಮ ಅವ್ವ ಏನು ಮಾತಾಡ್ತಾಳೆ ಅಂತ ಒಂದು ಸಲವಾದರೂ ಕೇಳಿ.

ಹಾಗಾದರೆ ಏನು ಮಾಡಬೇಕು? ಅವರ ಪಟ್ಟಿ ಹರಿದು ಹಾಕುವುದರಿಂದ ಏನೂ ಆಗುವುದಿಲ್ಲ. ನಮ್ಮ ಮತದಾರರ ಪಟ್ಟಿ ನಾವು ಮಾಡೋಣ. ಚೆನ್ನೈನಲ್ಲಿ ಪಾ. ರಂಜಿತ್ ಅವರ ನೀಲಂ ಸಾಂಸ್ಕೃತಿಕ ಕೇಂದ್ರ ರೋಸಿಯ ಹೆಸರಲ್ಲೇ ಚಿತ್ರೋತ್ಸವ ಮಾಡಿದೆ. ನಮ್ಮಲ್ಲಿ ಅಂಬೇಡ್ಕರ್ ಭವನಗಳಿವೆ, ಹಾಸ್ಟೆಲುಗಳಿವೆ. ಒಂದು ಬಿಳಿ ಪಂಚೆ ಕಟ್ಟಿದರೆ ಪರದೆ. 'ಚೋಮನ ದುಡಿ'ಯನ್ನೂ ತೋರಿಸಿ, 'ಫಂಡ್ರಿ'ಯನ್ನೂ ತೋರಿಸಿ, ಒಂದರ ಪಕ್ಕ ಇನ್ನೊಂದಿಡಿ. ಮುಗಿದ ಮೇಲೆ ಎದ್ದು ಹೋಗಬೇಡಿ. ಮೊದಲ ಮಾತು ಹೆಂಗಸರದಾಗಲಿ. ಕ್ಯಾಮೆರಾ ಯಾರ ಮನೆಯೊಳಗಿಂದ ನೋಡುತ್ತಿದೆ? ನಮ್ಮವರು ಬಾಯಿ ಬಿಟ್ಟು ಎಷ್ಟು ಹೊತ್ತು ಮಾತಾಡಿದರು? ಸತ್ತಿದ್ದರೆ, ಕೊಂದವನ ಮುಖ ಕಂಡಿತೇ? ನಮ್ಮ ಹೆಂಗಸರು ಅಳುವುದಲ್ಲದೆ ಇನ್ನೇನು ಮಾಡಿದರು? ದುಡ್ಡು ಹಾಕಿದವರು ಯಾರು, ಬಾಚಿದವರು ಯಾರು? ಈ ಐದು ಪ್ರಶ್ನೆಗೆ ಉತ್ತರ ಬರೆದಿಡಿ. ಯಾವ ಚಿತ್ರ ದಾಟುತ್ತದೋ ಅದು ನಮ್ಮ ಪಟ್ಟಿಗೆ. ಮುಂದಿನ ವರ್ಷ ಮತ್ತೆ ಕೂತು ತಿದ್ದಿ. ಸಾರ್ವಕಾಲಿಕ ಅನ್ನುವ ಜಂಬ ನಮಗೆ ಬೇಡ.

ಕನ್ನಡದಲ್ಲಿ ಚಿತ್ರ ಮಾಡುವವರಿಗೆ, ಸರ್ಕಾರಕ್ಕೆ, ಅಕಾಡೆಮಿಗಳಿಗೆ ನಮ್ಮ ಮಾತು ಇಷ್ಟೇ. ಐವತ್ತು ವರ್ಷದ ಹಿಂದೆಯೇ ನಾಲಿಗೆ ತೋರಿದ ನೆಲ ಇದು. ಕವಿತೆಗೆ ಬಂದ ಆ ನಾಲಿಗೆ ಕನ್ನಡದ ಪರದೆಗೆ ತಮಿಳಿನ ಹಾಗೆ, ಮರಾಠಿಯ ಹಾಗೆ ಇನ್ನೂ ಬಂದಿಲ್ಲ. ಕೇರಿಯಲ್ಲಿ ಕಥೆಗಾರರಿಗೆ ಬರವಿಲ್ಲ. ಕ್ಯಾಮೆರಾ ಕೊಡಿ, ದುಡ್ಡು ಕೊಡಿ, ಥಿಯೇಟರು ಕೊಡಿ; ಉಪದೇಶ ನಿಮ್ಮಲ್ಲೇ ಇರಲಿ. ನಮ್ಮ ಬಗ್ಗೆ ಅತ್ತದ್ದು ಸಾಕು. ಈಗ ನಾವು ಹೇಳುತ್ತೇವೆ, ನೀವು ನೆಲದ ಟಿಕೇಟು ತೆಗೆದು ಕೂತು ಕೇಳಿ.